ಕಲೆಯ ಮಾತಾಡುವವರು ಮಗುವಿನ ಮಾತೂ ಆಡಲಿ: ಮುತ್ತುಲಕ್ಷ್ಮಿ ರೆಡ್ಡಿ ಟೀಕಾಕಾರರಿಗೆ ಪ್ರತ್ಯುತ್ತರ

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿ ನಿಲ್ಲಬೇಕೆಂದು ಡಾ. ಮುತ್ತುಲಕ್ಷ್ಮಿ ರೆಡ್ಡಿ 1927ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನಲ್ಲಿ ನಿರ್ಣಯ ತಂದರು. ಅಂದು ಅವರನ್ನು ವಿರೋಧಿಸಿದವರು ಧರ್ಮದ ಹೆಸರು ಹೇಳಿದರು. ಇಂದು ವಿರೋಧಿಸುವವರು ಕಲೆ, ಆಸ್ತಿ, ಸ್ತ್ರೀಸ್ವಾತಂತ್ರ್ಯದ ಹೆಸರು ಹೇಳುತ್ತಾರೆ. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳಾಗಿದ್ದುದರಿಂದ ಇದು ನಮ್ಮ ಮನೆಯ ಹೆಣ್ಣುಮಕ್ಕಳ ವ್ಯಾಜ್ಯವೂ ಹೌದು. ಎದುರಾಳಿಗಳ ವಾದಗಳನ್ನು ಒಂದೊಂದಾಗಿ ಮುಂದಿಡುತ್ತೇನೆ, ತೀರ್ಪು ಓದುಗರದು.

ಮೊದಲ ವಾದ: ಶಾಸನಸಭೆ ಧರ್ಮದ ವಿಷಯಕ್ಕೆ ಕೈ ಹಾಕಬಾರದಿತ್ತು. ಹಾಗಾದರೆ 1926ರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯ್ದೆ ಏನು? ದೇವಸ್ಥಾನದ ಆದಾಯವೆಷ್ಟು, ಖರ್ಚೆಷ್ಟು, ಧರ್ಮದರ್ಶಿಗಳು ಸರಿಯಾಗಿ ನಡೆದುಕೊಳ್ಳುತ್ತಿದ್ದಾರೆಯೇ ಎಂದು ನೋಡಲು ಮಂಡಳಿ ರಚಿಸಿದ್ದು ಅದೇ ಪ್ರಾಂತ್ಯದ ಶಾಸನವೇ. ದೇವರ ಹುಂಡಿಯ ಲೆಕ್ಕ ಕೇಳಿದರೆ ಧರ್ಮಕ್ಕೆ ಚ್ಯುತಿಯಿಲ್ಲ, ದೇವರ ಹೆಸರಿನಲ್ಲಿ ಬಿಟ್ಟ ಹುಡುಗಿಯ ಲೆಕ್ಕ ಕೇಳಿದರೆ ಮಾತ್ರ ಧರ್ಮ ಕೆಡುತ್ತದೆ ಎನ್ನುವುದು ತತ್ವವಲ್ಲ, ಅನುಕೂಲ.

ಎರಡನೆಯ ವಾದ: ದಂಡ ಸಂಹಿತೆಯ 372 ಮತ್ತು 373ನೇ ಕಲಮುಗಳೇ ಸಾಕಿದ್ದವು, ಹೊಸ ಕಾನೂನು ಬೇಕಿರಲಿಲ್ಲ. ಈ ವಾದ ಮೊದಲನೆಯದರ ಕತ್ತು ಹಿಸುಕುತ್ತದೆ ಎಂಬುದನ್ನು ಗಮನಿಸಿ. ಕಾನೂನು ಈ ವಿಷಯಕ್ಕೆ ಬರಲೇಬಾರದು ಎಂದವರು, ಕಾನೂನು ಆಗಲೇ ಬಂದಾಗಿದೆ ಎಂದು ಹೇಗೆ ಹೇಳುತ್ತಾರೆ? ಅದಿರಲಿ, ಆ ಕಲಮುಗಳು ಹದಿನೆಂಟು ತುಂಬದವರನ್ನು ವೇಶ್ಯಾವೃತ್ತಿಗೆಂದು ಮಾರುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದವು. ಉದ್ದೇಶವನ್ನು ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದು. ದೇವದಾಸಿ ಪದ್ಧತಿಯಲ್ಲಿ ನಡೆಯುವುದೇನು? ಇನ್ನೂ ದೊಡ್ಡವಳಾಗದ ಹುಡುಗಿಗೆ ಎಣ್ಣೆ ನೀರು ಹಾಕಿ, ಹೊಸ ಸೀರೆ ಉಡಿಸಿ, ದೇವರ ಮುಂದೆ ಕೂರಿಸಿ ಕೊರಳಿಗೆ ತಾಳಿ ಅಥವಾ ಮುತ್ತು ಕಟ್ಟುತ್ತಾರೆ. ಅಂದು ಅಲ್ಲಿ ಕಾಣುವುದು ಪೂಜೆ, ಊಟ, ವಾದ್ಯ. ಗಂಡಸು ಬರುವುದು ವರ್ಷಗಳ ನಂತರ. ಪೂಜೆಯ ದಿನ ಪೊಲೀಸರಿಗೆ ಅಪರಾಧ ಕಾಣದು. ಅಪರಾಧ ಕಾಣುವ ದಿನ ಹುಡುಗಿಗೆ ಹದಿನೆಂಟು ದಾಟಿರಲೂಬಹುದು. ಈ ಸಂದನ್ನು ಮುಚ್ಚಲೆಂದೇ, ಬಿಡುವ ಕ್ರಿಯೆಯನ್ನೇ ನಿಷೇಧಿಸಬೇಕೆಂದು ಮುತ್ತುಲಕ್ಷ್ಮಿ ಕೇಳಿದರು.

ಮೂರನೆಯ ವಾದ ಇಂದಿನವರಿಗೆ ಬಹಳ ಪ್ರಿಯ: ದೇವದಾಸಿಯರೇ ಮನವಿ ಸಲ್ಲಿಸಿ ವಿರೋಧಿಸಿದ್ದರು, ಹೊರಗಿನ ಡಾಕ್ಟರೊಬ್ಬರು ಅವರ ದನಿ ಅಡಗಿಸಿದರು. ಬೆಂಗಳೂರು ನಾಗರತ್ನಮ್ಮನಂಥ ವಿದುಷಿ ವಿರೋಧಿಸಿದ್ದು ನಿಜ. ನಂಜನಗೂಡಿನಲ್ಲಿ ಹುಟ್ಟಿ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಆ ತಾಯಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮುತ್ತುಲಕ್ಷ್ಮಿ ಹೊರಗಿನವರು ಎಂಬುದು ಶುದ್ಧ ತಪ್ಪು. ಅವರ ತಾಯಿ ಚಂದ್ರಮ್ಮಾಳ್ ಅದೇ ಸಮುದಾಯದವರು. ದೇವದಾಸಿ ಕುಲದಿಂದಲೇ ಬಂದ ಮೂವಲೂರು ರಾಮಾಮೃತಂ ಈ ಪದ್ಧತಿಯ ವಿರುದ್ಧ ಊರೂರು ಅಲೆದು, 1936ರಲ್ಲಿ ಕಾದಂಬರಿಯನ್ನೇ ಬರೆದರು. ಅವರದೂ ದೇವದಾಸಿ ದನಿಯಲ್ಲವೇ? ಅದಕ್ಕಿಂತ ಮುಖ್ಯ ಮಾತು ಇನ್ನೊಂದಿದೆ. ಮನವಿಗೆ ಸಹಿ ಹಾಕಿದವರೆಲ್ಲ ವಯಸ್ಕರು. ನಾಳೆ ಮುತ್ತು ಕಟ್ಟಿಸಿಕೊಳ್ಳಬೇಕಾದ ಹುಡುಗಿಗೆ ಮನವಿಯೂ ಇರಲಿಲ್ಲ, ಸಹಿಯೂ ಇರಲಿಲ್ಲ. ಸದನದಲ್ಲಿ ಅವಳ ಪರವಾಗಿ ಎದ್ದು ನಿಂತವರನ್ನು ದನಿ ಅಡಗಿಸಿದವರೆಂದು ಕರೆಯುವುದು ಅನ್ಯಾಯ.

ನಾಲ್ಕನೆಯ ವಾದ: ಸುಧಾರಣೆಯ ಹೆಸರಿನಲ್ಲಿ ಅವರ ಭೂಮಿ ಹೋಯಿತು, ಹೆಣ್ಣಿಗಿದ್ದ ವಾರಸುಹಕ್ಕು ಹೋಯಿತು. ದಾಖಲೆ ನೋಡೋಣ. ಮುತ್ತುಲಕ್ಷ್ಮಿಯವರ ಯತ್ನದಿಂದ 1929ರಲ್ಲಿ ದತ್ತಿ ಕಾಯ್ದೆಗೆ ಬಂದ ತಿದ್ದುಪಡಿ ದೇವದಾಸಿಯರ ಇನಾಂ ಭೂಮಿಯನ್ನು ಕಸಿಯಲಿಲ್ಲ. ದೇವಸ್ಥಾನದ ಸೇವೆಯ ಕರಾರಿನಿಂದ ಬಿಡಿಸಿತು. ಗೊತ್ತಾದ ಕಂದಾಯ ಕಟ್ಟಿಕೊಂಡು ಭೂಮಿ ಉಳಿಸಿಕೊಳ್ಳಬಹುದಿತ್ತು, ಸೇವೆಗೆ ಹೋಗಬೇಕಿರಲಿಲ್ಲ. ಭೂಮಿ ಬೇಕೆಂದರೆ ದೇಹ ಒಪ್ಪಿಸು ಎಂಬ ಷರತ್ತು ಹೋಯಿತು. ಇನ್ನು ವಾರಸುಹಕ್ಕು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ಬಸವಿಯಾಗಿ ದೇವರಿಗೆ ಬಿಟ್ಟು ಮಗನ ಸ್ಥಾನ ಕೊಡುವ ವಾಡಿಕೆ ಬಳ್ಳಾರಿ ಸೀಮೆಯಲ್ಲಿತ್ತು. ಮಗಳಿಗೆ ಆಸ್ತಿ ಕೊಡಲು ಅವಳ ಮದುವೆಯ ಹಕ್ಕನ್ನು ಕಿತ್ತುಕೊಳ್ಳಬೇಕೇ? ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಅದಕ್ಕಾಗಿ ಯಾರ ಕೊರಳಿಗೂ ಮುತ್ತು ಕಟ್ಟಬೇಕಾಗಲಿಲ್ಲ.

ಐದನೆಯ ವಾದ: ಅವರು ಕಲೆಯನ್ನು ಕೊಂದರು. 1932ರಲ್ಲಿ ಈ ನೃತ್ಯದ ಪರ ನಿಂತ ಇ. ಕೃಷ್ಣ ಅಯ್ಯರ್ ಅವರೊಡನೆ ಪತ್ರಿಕೆಗಳಲ್ಲಿ ನಡೆದ ವಾಗ್ವಾದದಲ್ಲಿ ಮುತ್ತುಲಕ್ಷ್ಮಿ ಸಾರ್ವಜನಿಕ ಸಮಾರಂಭಗಳಲ್ಲಿ ನಾಚ್, ಅಂದರೆ ದೇವದಾಸಿಯರ ನೃತ್ಯ, ಬೇಡವೆಂದು ಬರೆದದ್ದು ಹೌದು. ಅದನ್ನು ಒಪ್ಪದಿರುವ ಹಕ್ಕು ಎಲ್ಲರಿಗೂ ಇದೆ. ಆದರೆ ಆಗ ಅವರು ಶಾಸಕರೇ ಅಲ್ಲ. ಗಾಂಧೀಜಿಯ ಬಂಧನವನ್ನು ಪ್ರತಿಭಟಿಸಿ 1930ರಲ್ಲೇ ಪರಿಷತ್ತಿಗೆ ರಾಜೀನಾಮೆ ಕೊಟ್ಟಿದ್ದರು. ಪತ್ರಿಕೆಗೆ ಬರೆದ ಪತ್ರದ ತಪ್ಪನ್ನು ಸದನದಲ್ಲಿ ತಂದ ನಿರ್ಣಯದ ತಲೆಗೆ ಕಟ್ಟುವುದು ವಿಮರ್ಶೆಯಲ್ಲ. ಕಲೆಯ ಗತಿ ಏನಾಯಿತು ಎಂದು ಕೇಳುವವರಿಗೆ ನರ್ತಕಿ ಬಾಲಸರಸ್ವತಿಯೂ ಗಾಯಕಿ ಎಂ.ಎಸ್. ಸುಬ್ಬುಲಕ್ಷ್ಮಿಯೂ ಉತ್ತರ. ಇಬ್ಬರೂ ಅದೇ ಪರಂಪರೆಯ ಮನೆಗಳಲ್ಲಿ ಹುಟ್ಟಿದವರು. ಕಚೇರಿಯ ವೇದಿಕೆಯಲ್ಲಿ ನಿಂತು ಲೋಕವನ್ನು ಗೆದ್ದವರು. ಕಲೆ ಉಳಿಯಲು ಗುರು ಬೇಕು, ಸಾಧನೆ ಬೇಕು, ರಸಿಕರು ಬೇಕು. ದೇವರಿಗೆ ಬಿಟ್ಟ ಹುಡುಗಿ ಬೇಕಿಲ್ಲ.

ಕೊನೆಯ ವಾದ: ಕಾನೂನಿನಿಂದ ಏನಾಯಿತು, ಪದ್ಧತಿ ಉಳಿದೇ ಉಳಿಯಿತಲ್ಲ? ಮುತ್ತುಲಕ್ಷ್ಮಿ ಕೇಳಿದ ನಿಷೇಧ ಮದ್ರಾಸಿನಲ್ಲಿ ಕಾಯ್ದೆಯಾದದ್ದು 1947ರಲ್ಲಿ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುತ್ತಿದ್ದ ಸವದತ್ತಿಯ ಎಲ್ಲಮ್ಮನ ಗುಡ್ಡ ಅಂದು ಮುಂಬಯಿ ಪ್ರಾಂತ್ಯದ್ದು. ಅಲ್ಲಿ 1934ರಲ್ಲಿ ಬೇರೆ ಕಾಯ್ದೆ ಬಂತು. ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಿತು. ಆದರೂ ಸರ್ಕಾರದ ಎರಡು ಸಮೀಕ್ಷೆಗಳು ರಾಜ್ಯದಲ್ಲಿ ಗುರುತಿಸಿದ ದೇವದಾಸಿಯರು 46,660. ಈ ಸಂಖ್ಯೆ ನಾಚಿಕೆ ತರಬೇಕಾದದ್ದು ಕಾಯ್ದೆಯನ್ನು ಕಪಾಟಿನಲ್ಲಿಟ್ಟ ಆಡಳಿತಕ್ಕೆ, ಅದಕ್ಕಾಗಿ ಸದನದಲ್ಲಿ ಹೋರಾಡಿದ ಹೆಣ್ಣುಮಗಳಿಗಲ್ಲ. ಕಳ್ಳತನ ನಿಂತಿಲ್ಲವೆಂದು ಕಳ್ಳತನದ ಕಾನೂನನ್ನು ಯಾರೂ ತಪ್ಪೆನ್ನುವುದಿಲ್ಲ.

ಆರು ವಾದಗಳಲ್ಲಿ ಧರ್ಮವಿದೆ, ದಂಡ ಸಂಹಿತೆಯಿದೆ, ವಯಸ್ಕರ ಮನವಿಯಿದೆ, ಭೂಮಿಯಿದೆ, ನೃತ್ಯವಿದೆ, ಅಂಕಿಸಂಖ್ಯೆಯಿದೆ. ಮಗು ಒಂದರಲ್ಲೂ ಇಲ್ಲ. ಮುತ್ತುಲಕ್ಷ್ಮಿಯನ್ನು ಇನ್ನು ಮುಂದೆ ಟೀಕಿಸುವವರು ಮೊದಲು ಒಂದು ಪ್ರಶ್ನೆಗೆ ನೇರವಾಗಿ ಉತ್ತರಿಸಲಿ: ತಿಳಿವಳಿಕೆ ಬಾರದ ಹುಡುಗಿಯ ಇಡೀ ಬಾಳನ್ನು ಬೇರೆಯವರು ಒಂದು ದಿನದ ಪೂಜೆಯಲ್ಲಿ ತೀರ್ಮಾನಿಸುವುದು ಸರಿಯೇ? ಸರಿ ಎನ್ನುವ ಧೈರ್ಯವಿದ್ದರೆ ಹಾಗೆಂದು ಬರೆಯಲಿ. ಇಲ್ಲವಾದರೆ, ಆ ಶಾಸಕಿ ಸದನದಲ್ಲಿ ಹೇಳಿದ್ದೇ ಸರಿ ಎಂದು ಒಪ್ಪಲಿ.