ಗೊರಕೆ ನಗುವ ವಿಷಯವಲ್ಲ

ಕೊಡಂಬಲಕ್ಕೆ ಮದ್ರಸ ಕಲಿಸಲು ಬಂದ ಮೊದಲ ವರ್ಷ ನಾನು ಹಿರಿಯ ಉಸ್ತಾದರೊಬ್ಬರ ಜೊತೆ ಒಂದೇ ಕೋಣೆಯಲ್ಲಿದ್ದೆ. ಅವರ ಗೊರಕೆಗೆ ನಿದ್ದೆ ಬರುತ್ತಿರಲಿಲ್ಲ. ಆದರೆ ನಿಜವಾಗಿ ಹೆದರಿಕೆಯಾದದ್ದು ಗೊರಕೆ ನಿಂತಾಗ. ಸ್ವಲ್ಪ ಹೊತ್ತು ಉಸಿರೇ ಇಲ್ಲ, ಆಮೇಲೆ ನೀರಲ್ಲಿ ಮುಳುಗಿದವರು ಮೇಲೆ ಬಂದ ಹಾಗೆ ಒಮ್ಮೆಲೇ ಉಸಿರೆಳೆಯುವುದು. ಬೆಳಗ್ಗೆ ಹೇಳಿದರೆ "ವಯಸ್ಸಾಯಿತಲ್ಲ ಉಸ್ತಾದೇ" ಎಂದು ನಕ್ಕರು. ಹಗಲಲ್ಲಿ ಪಾಠ ಹೇಳುತ್ತಲೇ ತೂಕಡಿಸುತ್ತಿದ್ದರು. ಹುಮನಾಬಾದಿಗೆ ಹೋಗುವಾಗ ನಿದ್ದೆ ಹತ್ತಿ ಬೈಕ್ ತೊಗರಿ ಹೊಲಕ್ಕೆ ಇಳಿದ ಮೇಲೆಯೇ ಕಲಬುರಗಿಗೆ ಹೋಗಿ ಡಾಕ್ಟರಿಗೆ ತೋರಿಸಿದರು.

ಇದು ಸ್ಲೀಪ್ ಆಪ್ನಿಯ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡು ಅಥವಾ ಹೆಚ್ಚು ಉಸಿರು ನಿಲ್ಲುವುದು, ತಗ್ಗುವುದು ಗಂಟೆಗೆ 30 ಸಲ ಆದರೆ ಕಾಯಿಲೆ ತೀವ್ರ ಎಂದು ಲೆಕ್ಕ. ಬಿಪಿ, ಹೃದಯದ ತೊಂದರೆ ಇದರ ಬೆನ್ನಿಗೇ ಬರುತ್ತವೆ. ಮದ್ದು ಸಿಪ್ಯಾಪ್ ಎಂಬ ಯಂತ್ರ. ಆಸ್ಟ್ರೇಲಿಯಾದ ಡಾ. ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಅದು ಆಕ್ಸಿಜನ್ ಸಿಲಿಂಡರ್ ಅಲ್ಲ. ಕೋಣೆಯ ಗಾಳಿಯನ್ನೇ ಮಾಸ್ಕ್ ಮೂಲಕ ಒತ್ತಡದಲ್ಲಿ ಕೊಟ್ಟು ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ, ಅಷ್ಟೇ.

ಉಸ್ತಾದರು ಸಾಲ ಮಾಡಿ ಯಂತ್ರ ತಂದರು. ಹತ್ತು ದಿನದಲ್ಲಿ ಅದು ಕಪಾಟು ಸೇರಿತು. ರಜೆಯಲ್ಲಿ ಊರಿಗೆ ಹೋದಾಗ ಮೊಮ್ಮಕ್ಕಳು "ಆನೆ ಸೊಂಡಿಲು" ಎಂದು ನಕ್ಕರಂತೆ, ಮಾಸ್ಕಿನ ಬದಿಯಿಂದ ಗಾಳಿ ಸೋರಿ ಕಣ್ಣು ಉರಿಯಿತಂತೆ. ನನ್ನ ದೂರು ಇಲ್ಲೇ. ಮಗಳ ಮದುವೆಗೆ, ಮನೆ ಕಟ್ಟಲು ಊರೇ ಸೇರಿ ನಿಲ್ಲುವ ನಾವು, ಒಬ್ಬ ಮನುಷ್ಯ ಮಾಸ್ಕ್ ಹಾಕಿ ಮಲಗಿದರೆ ನಗುತ್ತೇವೆ. ಮಾಸ್ಕಿನ ಅಳತೆ ಬದಲಿಸಿದರೆ, ಒತ್ತಡ ಸರಿಮಾಡಿಸಿದರೆ ಎಷ್ಟೋ ಕಿರಿಕಿರಿ ಹೋಗುತ್ತದೆ. ಕೊನೆಗೆ ಅವರ ಹೆಂಡತಿಯೇ ಹಟ ಹಿಡಿದು ಅಂಗಡಿಗೆ ಕರೆದುಕೊಂಡು ಹೋಗಿ ಬೇರೆ ಮಾಸ್ಕ್ ಕೊಡಿಸಿದರು. ಈಗ ಉಸ್ತಾದರು ಸುಬಹಿಗೆ ನಮಗಿಂತ ಮೊದಲೇ ಎದ್ದಿರುತ್ತಾರೆ.

ಕೆಲವರು ರಂಝಾನ್ ಬಂತೆಂದು ತಿಂಗಳಿಡೀ ಯಂತ್ರ ಬಿಡುತ್ತಾರೆ. ಉಪವಾಸ ಇರುವುದು ಹಗಲಿಗೆ, ರಾತ್ರಿ ಮಲಗುವಾಗ ಹಾಕಲು ಏನು ಅಡ್ಡಿ? ಹಗಲು ನಿದ್ದೆಯ ಬಗ್ಗೆ ಸಂಶಯವಿದ್ದರೆ ನಿಮ್ಮ ಖತೀಬರನ್ನು ಕೇಳಿ, ಆದರೆ ನೀವೇ ತೀರ್ಮಾನಿಸಿ ಬಿಡಬೇಡಿ.

ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಮಕ್ಕಳಿಗೆ ಕಲಿಸುತ್ತೇವೆ. ಗೊರಕೆ ಹೊಡೆಯುವವನಿಗೆ ತನ್ನ ಉಸಿರು ನಿಂತದ್ದು ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ತಾಯಂದಿರೇ, ಸಹೋದರಿಯರೇ, ಡಾಕ್ಟರ ಮುಂದೆ ಆ ಮಾತು ಹೇಳಬೇಕಾದವರು ನೀವೇ.