ಚಾರ್ಜು ಒಪ್ಪಿಸಿ ಹೊರಡಬೇಕು

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಇನ್ನಿಬ್ಬರು ಹುಡುಗರೊಡನೆ ಬಾಡಿಗೆ ಮನೆಯಲ್ಲಿದ್ದ. ತಿಂಗಳ ಬಾಡಿಗೆ 30,000 ರೂಪಾಯಿ, ಅಡ್ವಾನ್ಸ್ 1,50,000. ಮೂವರದೂ ಸಮಪಾಲು, ಕರಾರುಪತ್ರಕ್ಕೆ ಮೂವರ ಸಹಿ. ಉಳಿದಿಬ್ಬರು ಬಾಡಿಗೆ ತಡಮಾಡುವರು, ಕರೆಂಟು ಬಿಲ್ಲನ್ನು ಇವನ ತಲೆಗೆ ಕಟ್ಟುವರು, ನಡುರಾತ್ರಿಯವರೆಗೂ ಗದ್ದಲ. ಹೇಳಿಕೊಂಡಾಗ, "ಸ್ವಲ್ಪ ಹೊಂದಿಕೊಂಡು ಹೋಗಪ್ಪಾ" ಎಂದೆ. ನಾಲ್ಕು ತಿಂಗಳಲ್ಲಿ ಹುಡುಗ ಸೊರಗಿಹೋದ. "ದೊಡ್ಡಪ್ಪಾ, ರಾತ್ರೋರಾತ್ರಿ ಬ್ಯಾಗು ತಗೊಂಡು ಹೊರಟುಬಿಡ್ತೀನಿ" ಎಂದ. ನನ್ನ ಸಲಹೆ ತಪ್ಪಾಗಿತ್ತು. ಅವನ ಉಪಾಯವೂ ತಪ್ಪೇ.

1872ರ ಭಾರತೀಯ ಕರಾರು ಕಾಯ್ದೆಯ 43ನೆಯ ಕಲಮಿನಂತೆ, ಒಟ್ಟಾಗಿ ಒಪ್ಪಿಕೊಂಡವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಹಣ ಕೇಳಬಹುದು, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ. ಅಂದರೆ ಮನುಷ್ಯ ಹೊರಗೆ ಬಂದರೂ ಹೆಸರು ಒಳಗೇ ಇರುತ್ತದೆ. ಉಳಿದವರ ಪಾಲನ್ನು ಅವರಿಂದ ವಸೂಲು ಮಾಡುವ ಹಕ್ಕು ಇದೆ, ನಿಜ. ಅದಕ್ಕೆ ಅಲೆಯಬೇಕಾದವನು ಮಾತ್ರ ಇವನೇ.

ಹನ್ನೊಂದು ತಿಂಗಳ ಕಾಗದ ತಾನೇ ಎಂದು ಹಗುರ ಮಾಡಬಾರದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಆ ರೂಢಿ ಬಂದಿದೆ. ಸಹಿಯ ಹೊಣೆ ಅದರಿಂದ ಕಡಿಮೆಯಾಗದು.

ಸರ್ಕಾರಿ ಕೆಲಸದಲ್ಲಿ ವರ್ಗವಾದಾಗ ನಾವು ಚಾರ್ಜು ಒಪ್ಪಿಸದೆ ಹೊರಡುತ್ತಿರಲಿಲ್ಲ. ಅಳತೆ ಪುಸ್ತಕ, ದಾಸ್ತಾನು, ಬೀಗದ ಕೈ ಎಲ್ಲಕ್ಕೂ ಸಹಿ ಆಗಬೇಕಿತ್ತು. ಮನೆ ಬಿಡುವಾಗಲೂ ಹಾಗೆಯೇ ಮಾಡು ಎಂದೆ. ಅವನು ಮೊದಲು ಕರಾರು ಓದಿದ. ಒಂದು ತಿಂಗಳ ನೋಟಿಸು ಎಂದಿತ್ತು. ಮಾಲೀಕರಿಗೂ ಜೊತೆಗಾರರಿಗೂ ಒಂದೇ ದಿನ ಬರೆದು ಕೊಟ್ಟ. ಬದಲಿ ಹುಡುಗನನ್ನು ಹುಡುಕಿ ಮಾಲೀಕರ ಒಪ್ಪಿಗೆ ಪಡೆದ. ಇವನ ಹೆಸರು ತೆಗೆದು ಹೊಸ ಕರಾರು ಆಯಿತು. ಬಿಡುವ ದಿನ ಮೀಟರು ರೀಡಿಂಗು ಬರೆದುಕೊಂಡು, ಗೋಡೆ, ನಲ್ಲಿ, ಗೀಸರುಗಳ ಫೋಟೋ ತೆಗೆದ. ತನ್ನ ಪಾಲಿನ 50,000 ರೂಪಾಯಿಯನ್ನು ಬದಲಿ ಹುಡುಗನಿಂದ ಬ್ಯಾಂಕಿನ ಮೂಲಕವೇ ಪಡೆದು, ಬಾಕಿಯಿಲ್ಲವೆಂದು ಮಾಲೀಕರಿಂದ ಬರೆಸಿಕೊಂಡ. ಜಗಳವಾಗಲಿಲ್ಲ.

ಶರಣ ಬಂಧುಗಳೇ, ಕೂಡಿ ಬಾಳುವುದು ಒಳ್ಳೆಯದೇ. ಆದರೆ ಒಬ್ಬನೇ ಸಹಿಸಿಕೊಂಡಿರುವುದು ಕೂಡಿ ಬಾಳುವುದಲ್ಲ. ಮಕ್ಕಳು ಇಂಥ ದೂರು ತಂದಾಗ "ಹೊಂದಿಕೊಂಡು ಹೋಗು" ಎನ್ನುವ ಮುನ್ನ "ಕರಾರಿನಲ್ಲಿ ಏನಿದೆ, ಓದಿ ಹೇಳು" ಎನ್ನೋಣ. ಆ ಮಾತನ್ನು ನಾನು ನಾಲ್ಕು ತಿಂಗಳು ತಡವಾಗಿ ಹೇಳಿದೆ.