ಡ್ರೋನ್ ಮಾಡೋಕೆ ಬಯಾಲಜಿ ಯಾಕೆ?

ಮೊನ್ನೆ ಗೆಳೆಯನ ಮಗ ತಾನೇ ಜೋಡಿಸಿದ ಡ್ರೋನ್ ಹಾರಿಸಿ ತೋರಿಸಿದ. ಬಯಲಲ್ಲಿ ಸೊಗಸಾಗಿ ಹಾರಿದ್ದು, ಹಾಲ್‌ಗೆ ತಂದ ಕೂಡಲೇ ಜಿಪಿಎಸ್ ಸಿಗದೆ ಅತ್ತಿತ್ತ ತೇಲಾಡಿ ಗೋಡೆಗೆ ಬಡೀತು. "ಇನ್ನೂ ದೊಡ್ಡ ಕ್ಯಾಮೆರಾ ಹಾಕ್ಬೇಕು ಅಂಕಲ್" ಅಂದ. ಹುಡುಗ ಪಿಯುಸಿಗೆ ಪಿಸಿಎಂಸಿ ತಗೊಂಡಿದ್ದಾನೆ. ಬಯಾಲಜಿ ಯಾಕೆ ಬಿಟ್ಟೆ ಅಂದ್ರೆ, "ಡ್ರೋನ್ ಮಾಡೋಕೆ ಅದ್ಯಾಕೆ?" ಅಂತ ನನ್ನನ್ನೇ ಕೇಳಿದ.

ತಮಾಷೆ ಏನು ಗೊತ್ತಾ? ಇಂಗ್ಲಿಷಿನಲ್ಲಿ ಡ್ರೋನ್ ಅಂದ್ರೆ ಗಂಡು ಜೇನು! :)

ಜೇನುಹುಳದ ಮಿದುಳಿನ ತೂಕ ಸುಮಾರು 1 ಮಿಲಿಗ್ರಾಂ. ಎರಡು ಕಣ್ಣು ತೀರಾ ಹತ್ತಿರ ಇರೋದ್ರಿಂದ ನಮ್ಮ ಹಾಗೆ ದೂರ ಅಳೆಯೋಕೂ ಆಗಲ್ಲ. ಆದ್ರೂ ಎಲೆಗಳ ಸಂದಿಯಲ್ಲಿ ನುಗ್ಗಿ ಹೂವಿನ ಮೇಲೆ ಮೆತ್ತಗೆ ಕೂರುತ್ತೆ. ಹೇಗೆ? ಬಸ್ಸಿನ ಕಿಟಕಿಯಿಂದ ನೋಡಿ, ಹತ್ತಿರದ ಮರ ಸರ್ರನೆ ಓಡುತ್ತೆ, ದೂರದ ಬೆಟ್ಟ ನಿಧಾನ. ಜೇನಿಗೆ ಅಷ್ಟೇ ಸಾಕು.

ಬೆಂಗಳೂರಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದ ಮಂಡ್ಯಂ ಶ್ರೀನಿವಾಸನ್ ಇದನ್ನ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪರೀಕ್ಷೆ ಮಾಡಿದ್ರು. ಪಟ್ಟೆ ಬಳಿದ ಎರಡು ಗೋಡೆಗಳ ನಡುವೆ ಜೇನು ಸರಿಯಾಗಿ ಮಧ್ಯದಲ್ಲೇ ಹಾರಿತು. ಒಂದು ಗೋಡೆಯ ಪಟ್ಟೆಗಳನ್ನ ಜೇನು ಹಾರೋ ದಿಕ್ಕಿಗೇ ಸರಿಸಿದಾಗ, ಆ ಗೋಡೆ ದೂರ ಇದೆ ಅಂದ್ಕೊಂಡು ಅದರತ್ತ ವಾಲಿತು. ಇಳಿಯುವಾಗಲೂ ಅಷ್ಟೇ, ಕೆಳಗಿನ ನೆಲ ಕಣ್ಣಲ್ಲಿ ಒಂದೇ ವೇಗದಲ್ಲಿ ಸರಿಯೋ ಹಾಗೆ ಹಾರುತ್ತೆ. ಎತ್ತರ ಇಳಿದಂತೆ ವೇಗ ತಾನಾಗೇ ಇಳಿಯುತ್ತೆ. ಈ ಸೂತ್ರಗಳನ್ನ ಅವರ ತಂಡ ಪುಟ್ಟ ವಿಮಾನಗಳಿಗೂ ಅಳವಡಿಸಿತು. 2006ರಲ್ಲಿ ಅವರಿಗೆ ಆಸ್ಟ್ರೇಲಿಯಾದ ಪ್ರಧಾನಮಂತ್ರಿ ವಿಜ್ಞಾನ ಪ್ರಶಸ್ತಿ ಬಂತು.

2013ರಲ್ಲಿ ಯುರೋಪಿನ ವಿಜ್ಞಾನಿಗಳು ಕೀಟದ ಕಣ್ಣಿನಂಥ ಬಾಗಿದ ಸೆನ್ಸರ್ ಒಂದನ್ನ ಪ್ರಕಟಿಸಿದ್ರು. ಅದರಲ್ಲಿದ್ದದ್ದು ಬರೀ 630 ಪುಟ್ಟ ಕಣ್ಣುಗಳು, ತೂಕ 2 ಗ್ರಾಂಗೂ ಕಮ್ಮಿ! ನಮ್ಮ ಫೋನಿನಲ್ಲಿ ಕೋಟಿಗಟ್ಟಲೆ ಪಿಕ್ಸೆಲ್ ಇರುತ್ತೆ. ಅದು ಫೋಟೋಗೆ ಬೇಕು, ಗೋಡೆ ತಪ್ಪಿಸೋಕಲ್ಲ.

ಹಾಗಂತ ಇದು ಸರ್ವರೋಗ ನಿವಾರಕ ಅಲ್ಲ. ಪಟ್ಟೆ, ಕಲೆ ಏನೂ ಇಲ್ಲದ ಬಿಳಿ ಗೋಡೆ, ಕತ್ತಲೆ, ಗಾಜು... ಇಲ್ಲೆಲ್ಲ ಈ ಕಣ್ಣು ಸೋಲುತ್ತೆ. ಜೇನೂ ಕಿಟಕಿ ಗಾಜಿಗೆ ಬಡ್ಕೊಳ್ಳುತ್ತಲ್ಲ!

ನನ್ನ ತಕರಾರು ಬೇರೆ. ಹದಿನಾರನೇ ವಯಸ್ಸಿಗೇ "ನೀನು ಯಂತ್ರದವನು, ನೀನು ಜೀವದವನು" ಅಂತ ಮಕ್ಕಳ ನಡುವೆ ನಾವೇ ಗೋಡೆ ಕಟ್ಟಿಬಿಡ್ತೀವಿ. ಒಬ್ಬ ಇಂಜಿನಿಯರು ಆ ಗೋಡೆ ದಾಟಿ ಜೇನು ನೋಡ್ತಾ ಕೂತಿದ್ದಕ್ಕೇ ಇದೆಲ್ಲ ತಿಳಿದದ್ದು. ಸಿಇಟಿಗೆ ಬೇಡ ಅಂದಮಾತ್ರಕ್ಕೆ ಆ ವಿಷಯವೇ ಬೇಡವಾ?

ಹುಡುಗನಿಗೆ ಕಾಂಬಿನೇಶನ್ ಬದಲಿಸು ಅಂತ ನಾನು ಹೇಳಲಿಲ್ಲ. ಹೊಸ ಕ್ಯಾಮೆರಾ ಕೊಳ್ಳೋ ಮುಂಚೆ ಒಂದು ಭಾನುವಾರ ತುಳಸಿ ಗಿಡದ ಹತ್ತಿರ ಸುಮ್ನೆ ಕೂತು ಜೇನು ನೋಡು ಅಂದೆ. ಕೂರ್ತಾನೋ ಇಲ್ಲವೋ... ನಿಮ್ಮ ಮನೆ ಮಕ್ಕಳಿಗೆ ನೀವೇನು ಹೇಳ್ತೀರಿ?